ಪಂಪಣ್ಣನ ಮುತ್ತಲ ಗಿಡ ಹೂ ಬಿಡದ ವರ್ಷ

ಮಸ್ಕಿ ಗುಡ್ಡದ ಬುಡದಲ್ಲಿ ಪಂಪಣ್ಣನ ಮನೆ. ಅವನೂ ಮಗಳು ಬಸ್ಸಮ್ಮನೂ ಮುತ್ತಲ ಎಲೆ ತಂದು, ಕಡ್ಡಿ ಚುಚ್ಚಿ, ಊಟದ ಪತ್ರೋಳಿ ಹಚ್ಚುತ್ತಿದ್ದರು. ಅವನ್ನು ಲಿಂಗಸುಗೂರಿನ ಸಂತೆಗೆ ಒಯ್ಯುವ ಬಂಡಿ ನನ್ನದು. ನನ್ನ ಎತ್ತುಗಳ ಓಟ ಎಂಥದೆಂದರೆ, ಹೊರಟಾಗ ಎದ್ದ ಧೂಳು ನೆಲಕ್ಕೆ ಇಳಿಯುವ ಮೊದಲೇ ನಾವು ಸಂತೆ ಮುಗಿಸಿ ತಿರುಗಿ ಬಂದಿರುತ್ತಿದ್ದೆವು.

"ಹುಸೇನಪ್ಪ, ಎತ್ತಿಗಿಂತ ನಿನ್ನ ಬಾಯಿ ಮುಂದ ಓಡತೈತಿ ನೋಡು," ಎನ್ನುತ್ತಿದ್ದಳು ಬಸ್ಸಮ್ಮ, ತುಟಿಯಲ್ಲಿ ಕಡ್ಡಿ ಹಿಡಿದೇ ನಗುತ್ತಾ. ಆ ನಗುವಿಗಾಗಿ ಇನ್ನೊಂದು ಸುಳ್ಳು ಹೇಳುತ್ತಿದ್ದೆ.

ನಿಜಾಮನ ಆಳ್ವಿಕೆ ಹೋದ ಮರುವರ್ಷ. ಚಳಿ ಮುಗಿಯುತ್ತ ಬಂದು ಎಲೆ ಹಣ್ಣಾದವು. ಎಲೆ ಉದುರಿದರೆ ಕೆಲಸವಿಲ್ಲ. ಎಲೆ ಹಚ್ಚುವವರು ಮದುವೆ ಮಾತಾಡುವುದು ಆಗಲೇ.

"ಅಂಗಳದ ಮುತ್ತಲ ಗಿಡದಾಗ ಮೊದಲನೇ ಹೂ ಅರಳಿದ ದಿನ ಬಳಗಾನೂರಿಗೆ ಹೇಳಿ ಕಳಸ್ತೀನಿ," ಎಂದ ಪಂಪಣ್ಣ. "ಕಾಲುವಿ ಮೇಸ್ತ್ರಿ ವರ."

"ಮಾವಾ, ಬಸ್ಸಮ್ಮನ್ನ ನನಗ..."

"ನಿನ್ನ ಮಾತು ನಂಬಿ ನಾ ಕುರಿನೂ ಕೊಡಂಗಿಲ್ಲಲೇ."

ಮರುದಿನ ನಸುಕಿನಲ್ಲಿ ಗಿಡ ಹತ್ತಿದೆ. ಕರಿ ಕಂಬಳಿಹುಳದಂಥ ಮೊಗ್ಗುಗಳನ್ನೆಲ್ಲ ಕಿತ್ತೆ. ದಿನಾ ಕಿತ್ತೆ. ತುದಿಯಿಂದ ಸಿಂಧನೂರಿನ ಸಂತೆಯ ಮೆಣಸಿನಕಾಯಿ ಕೆಂಪಗೆ ಕಾಣುತ್ತಿತ್ತು, ಬೇಕಾದರೆ ನಂಬಿರಿ. ಕೆಳಗಿನ ಕೊಂಬೆ ಮಾತ್ರ ನಾನು ಮುಟ್ಟುವ ಮೊದಲೇ ಬರಿದಾಗಿರುತ್ತಿತ್ತು. ಆಡು ಮೇಯ್ದಿರಬೇಕು ಅಂದುಕೊಂಡೆ.

ಒಂದು ನಸುಕಿನಲ್ಲಿ ಆ ಆಡು ಸೀರೆ ಉಟ್ಟು ಬಂತು.

ಬಸ್ಸಮ್ಮ ತಲೆ ಎತ್ತಿದಳು. ಅವಳ ಉಡಿ ತುಂಬ ಮೊಗ್ಗು, ನನ್ನ ರುಮಾಲು ತುಂಬ ಮೊಗ್ಗು.

"ನೀ ಯಾಕ ಕೀಳಾಕತ್ತಿ?" ಎಂದೆ.

"ಮ್ಯಾಲ ಇದ್ದಾಂವ ನೀ. ಮೊದಲ ನೀ ಹೇಳು."

ಹುಡುಕಿದರೂ ಒಂದು ಸುಳ್ಳು ಸಿಗಲಿಲ್ಲ. "ನೀ ಬಳಗಾನೂರಿಗೆ ಹೋದರ ನನ್ನ ಮಾತಿಗೆ ನಗೋರ್ಯಾರು?"

"ನಗಾಕ ಅಷ್ಟ ಬೇಕೇನು ನಾ?"

"ಅಷ್ಟ ಅಲ್ಲ."

ಅವಳು ಕೈಯಲ್ಲಿದ್ದ ಮೊಗ್ಗನ್ನು ಸುಮ್ಮನೆ ತಿರುವುತ್ತ ನಿಂತಳು. "ಇಳಿ. ಕೊಂಬಿ ಮುರದೀತು," ಎಂದಳು ಮೆಲ್ಲಗೆ.

ಹಿಂದಿನಿಂದ ಪಂಪಣ್ಣ ಕೆಮ್ಮಿದ. ಆಗ ಹೊಳೆಯಿತು ನಮ್ಮ ದಡ್ಡತನ: ಅವನ ಬೆನ್ನ ಹಿಂದೆ ಇಡೀ ಗುಡ್ಡದ ಮುತ್ತಲ ಗಿಡಗಳು ಬೆಂಕಿ ಬಿದ್ದ ಹಾಗೆ ಅರಳಿದ್ದವು.

"ಆ ಗುಡ್ಡಾನೂ ಇಬ್ರೂ ಕೂಡಿ ಬೋಳಸೋರೇನು?"

ನಾನು ಗಿಡದಿಂದ ಜಾರಿ ಇಳಿದೆ.

"ಈ ಸುಳ್ಳಬುರುಕ ಒಂದು ಮುಂಜಾನೆನೂ ತಪ್ಪಿಸಿಲ್ಲ. ನಾ ನೋಡೀನಿ," ಎಂದ ಅವನು ಮಗಳಿಗೆ. "ನಾ ಅಂದಿದ್ದು ಅಂಗಳದ ಗಿಡ. ಅದು ಅರಳಿದ ದಿನ ಯಾವ ಮನಿಗೆ ಹೋಗಬೇಕು, ನೀನ ಹೇಳು."

ಬಸ್ಸಮ್ಮ ಕೆಳಗಿನ ಕೊಂಬೆಯಲ್ಲಿ ಉಳಿದಿದ್ದ ಒಂದೇ ಮೊಗ್ಗನ್ನು ಬೆರಳಲ್ಲಿ ಸವರಿ, "ಇದನ್ನ ಮುಟ್ಟಬ್ಯಾಡ," ಎಂದಳು ನನಗೆ.

ಅದು ಅರಳುವ ತನಕ ಕಾಗೆಗೂ ಗಾಳಿಗೂ ನಾನೇ ಕಾವಲು.

ಅರಳಿದ ದಿನ ಪಂಪಣ್ಣ ನನ್ನ ಬಂಡಿ ಹತ್ತಿದ.

"ಎಲ್ಲಿಗೆ ಹೊಡೀಲಿ ಮಾವಾ?"

ಅವನು ಮಗಳ ಕಡೆ ನೋಡಿದ. ಅವಳು ಹೂ ಕಿತ್ತು ಎತ್ತಿನ ಹಗ್ಗಕ್ಕೆ ಸಿಕ್ಕಿಸಿ ನನ್ನನ್ನು ಕೇಳಿದಳು: "ನಿಮ್ಮವ್ವ ಮನ್ಯಾಗ ಅದಾಳೇನು?"

ನಮ್ಮ ಮನೆ ಪಕ್ಕದ ಓಣಿಯಲ್ಲೇ. ಆದರೆ ಅವತ್ತು ನನ್ನ ಎತ್ತುಗಳು ಅಲ್ಲಿಗೆ ಮುಟ್ಟುವಷ್ಟರಲ್ಲಿ ಯುಗಾದಿಯೇ ಬಂದುಬಿಟ್ಟಿತು.