ಯಾನ್ ಮನೆತನದ ಸೊಸೆಯ ಕಲ್ಲು

“ಒಂದು ಅಕ್ಷರ ಓದೋಕೆ ಬರಲ್ಲ, ನಿಂಗೆ ಈ ಟೋಪಿ ಯಾರು ಕೊಟ್ಟರಯ್ಯಾ?”

ಮೇಷ್ಟ್ರ ಈ ಮಾತಿಗೆ, ಬಂದರಿನ ಠಾಣೆಯಲ್ಲಿ ಲೈಸೆನ್ಸಿಗಾಗಿ ಸಾಲಾಗಿ ಕೂತಿದ್ದ ಮೀನುಗಾರ್ತಿಯರಲ್ಲಿ ಒಬ್ಬಳು ಕಿಸಕ್ಕೆಂದಳು. ಇನ್ಸ್‌ಪೆಕ್ಟರ್ ಶೆನ್ ಮೇಷ್ಟ್ರು ತಂದ ಸಮಾಧಿಕಲ್ಲಿನ ಫೋಟೊದಿಂದ ತಲೆ ಎತ್ತಲಿಲ್ಲ. ರಾತ್ರಿ ಪಾಳಿ ಮುಗಿದರೂ ಆತ ಇನ್ನೂ ಮನೆಗೆ ಹೋಗಿರಲಿಲ್ಲ.

“ನೀವೇ ಹೇಳಿ ಮೇಷ್ಟ್ರೇ.”

“ಲೀ. ಒಂದೇ ಅಕ್ಷರ, ಅದೇ ಒಂದು ಪದ, ಗಂಡ ಸತ್ತವಳು ಅಂತ. ಹಳೇ ಗ್ರಂಥದ ಮಾತು,” ಎಂದರು ನಿವೃತ್ತ ಮೇಷ್ಟ್ರು ಯಾನ್ ದೆಶಾನ್. “ನಮ್ಮನೆ ಸೊಸೆ ಗುಯಿಲಾನ್ ಸಮಾಧಿಕಲ್ಲಿಗೆ ಹೋದ ವರ್ಷ ನಾನೇ ಆರಿಸಿ ಕೆತ್ತಿಸಿದ್ದು. ಯಾರೋ ಆ ಅಕ್ಷರವೊಂದನ್ನೇ ಕುಟ್ಟಿ ಹಾಕಿದಾರೆ.”

ಏಪ್ರಿಲ್ ಏಳು, ಬೆಳಿಗ್ಗೆ ಎಫ್‌ಐಆರ್ ದಾಖಲಾಯಿತು.

ಬಂದರಿನ ಮೇಲಿನ ಗುಡ್ಡದ ಸ್ಮಶಾನದಲ್ಲಿ ಪಂಚನಾಮೆ. ಒಡೆದ ಜಾಗದಲ್ಲಿ ಕೆಂಪು ಬಣ್ಣದ ಹುಡಿ ಸಿಕ್ಕಿತು. ದೋಣಿಯ ತಳಕ್ಕೆ ಬಳಿಯುವ ಬಣ್ಣ.

“ಸಾರ್, ಅದನ್ನ ನಾನು ‘ಹೆಣ್ಣು’ ಅಂತಲೇ ಓದ್ಕೊಂಡಿದ್ದೆ,” ಎಂದ ಕಾನ್‌ಸ್ಟೇಬಲ್ ಲೂವೊ. “ಆ ಅಕ್ಷರದ ಕೆಳಗಿನ ಅರ್ಧ ‘ಹೆಣ್ಣು’ ಅನ್ನೋ ಅಕ್ಷರವೇ, ಅಷ್ಟು ಗೊತ್ತಲ್ಲ. ಮಹಾತಾಯಿ ಅನ್ನೋ ಥರ ಏನೋ ಬಿರುದು ಅಂದ್ಕೊಂಡೆ.”

“ಊರೆಲ್ಲಾ ಹಾಗೇ ಓದಿದೆ. ನಡಿ.”

ದೋಣಿಕಟ್ಟೆಯಲ್ಲಿ ಗುಯಿಲಾನಳ ಮಗ ಹೈಬಿನ್ ತುಕ್ಕು ಕುಟ್ಟುತ್ತಿದ್ದ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪೊಲೀಸರನ್ನು ಕಂಡು ಓಡಲಿಲ್ಲ. ಕೇಳುವ ಮೊದಲೇ ಸುತ್ತಿಗೆ ಚಾಚಿದ.

“ಯಾವಾಗ ಹೊಡೆದೆ?”

“ಮೊನ್ನೆ ಸಂಜೆ.”

“ಜೊತೆಗೆ ಯಾರಿದ್ರು?”

“ಒಂದು ಅಕ್ಷರಕ್ಕೆ ದಂಡು ಕಟ್ಕೊಂಡು ಹೋಗ್ಬೇಕಾ?”

“ಯಾಕೆ?”

ಹೈಬಿನ್ ಕೈಯ ಕೆಂಪನ್ನು ಚಡ್ಡಿಗೆ ಒರೆಸಿಕೊಂಡ. “ಮಗಳು ಹುಟ್ಟಿದಳು. ನಮ್ಮಲ್ಲಿ ಸತ್ತ ಹಿರಿಯರ ಹೆಸರು ಇಡೋ ಹಾಗಿಲ್ಲ, ಅಮ್ಮನ ಕಲ್ಲಿನ ಬಿರುದನ್ನಾದ್ರೂ ಇಡೋಣ ಅಂತ ಫೋಟೊ ತಗೊಂಡು ಹೆಸರು ಬರೆಸೋಕೆ ಆಸ್ಪತ್ರೆಗೆ ಹೋದೆ. ನರ್ಸಮ್ಮ ಪೆನ್ನು ಕೆಳಗಿಟ್ಟಳು. ಹಸುಗೂಸಿಗೆ ಯಾರಾದ್ರೂ ಮುಂಡೆ ಅಂತ ಹೆಸರಿಡ್ತಾರೇನೋ ಅಂದಳು.”

ಲೂವೊ ಬರೆಯುವುದನ್ನು ನಿಲ್ಲಿಸಿದ.

“ಅಪ್ಪನ ದೋಣಿ ಹೋಯ್ತು, ಹೆಣ ಬರಲಿಲ್ಲ. ಸಾಯೋವರೆಗೂ ಅಮ್ಮ ದಿನಾ ಅವನ ಬಟ್ಟಲಿಗೆ ಅನ್ನ ಬಡಿಸಿದಳು. ವಿಧವೆ ಅಂದವರ ಮುಖಕ್ಕೆ ಮುಸುರೆ ನೀರು ಎರಚಿದಳು. ಸತ್ತ ಮೇಲೆ ಬಾಯಿ ಇಲ್ಲವಲ್ಲ, ಮೇಷ್ಟ್ರು ಕಲ್ಲಲ್ಲೇ ಅನ್ನಿಸಿಬಿಟ್ಟರು. ನಾನು ಮಂಕ, ವರ್ಷಪೂರ್ತಿ ಅದಕ್ಕೇ ಕೈ ಮುಗಿದೆ.”

ಸುತ್ತಿಗೆ ಜಪ್ತಿಯಾಯಿತು. ಬಂಧನದ ಕಾಗದಕ್ಕೆ ಹೈಬಿನ್ ಹೆಬ್ಬೆಟ್ಟು ಒತ್ತಿದ. ಜೀಪು ಹತ್ತುವಾಗ ತಿರುಗಿ ನಿಂತ.

“ಅಪ್ಪ ಸತ್ತ ಅಂತ ಅರ್ಜಿ ಕೊಡಿ ಅಂತ ಆಗ ಮನೆಗೆ ಬಂದಿದ್ದವರು ನೀವೇ ಅಲ್ವಾ ಸಾಹೇಬ್ರೇ? ಅಮ್ಮ ಸಹಿ ಹಾಕಲಿಲ್ಲ. ಈಗ ನೀವೇ ಹೇಳಿ, ಅವಳು ವಿಧವೆನಾ?”

ಶೆನ್ ಜೀಪಿನ ಕೀಲಿಯನ್ನು ಲೂವೊನ ಕೈಗಿತ್ತು, ಬಂದರಿನ ಗೋಡೆಯುದ್ದಕ್ಕೂ ನಡೆದುಹೋದ.