ಹನ್ನೊಂದನೆಯ ನಂಬರು

ಹಲ್ಲಿನ ಡಾಕ್ಟರಮ್ಮ ಠಾಣೆಗೆ ಬಂದು ಇನ್‌ಸ್ಪೆಕ್ಟರಮ್ಮನ ಮೇಜಿನ ಮೇಲೆ ನಾಲ್ಕು ಹಾಳೆ ಹರಡಿದರು. ನಾಲ್ಕು ತಿಂಗಳಲ್ಲಿ ಡಾಕ್ಟರಮ್ಮ ಎಲ್ಲೆಲ್ಲಿಗೆ ಹೋದರು, ಮೊಬೈಲಿನಲ್ಲಿ ಏನೇನು ಹುಡುಕಿದರು—ಎಲ್ಲವೂ ಅದರಲ್ಲಿತ್ತು. ಕೊನೆಯ ಸಾಲು: ‘ಗಂಡನಿಂದ ಬೇರೆಯಾದರೆ ಮಗು ಯಾರಿಗೆ?’

“ಯಾರೋ ಇದನ್ನ ನನ್ನ ಗಂಡನಿಗೆ ಕಳಿಸಿದಾರೆ. ನಿನ್ನೆ ಮಗಳನ್ನ ಕರ್ಕೊಂಡು ಹೋಗಿಬಿಟ್ರು. ಫೋನೂ ಎತ್ತಲ್ಲ.”

ಇನ್‌ಸ್ಪೆಕ್ಟರಮ್ಮ ಹಾಳೆಗಳನ್ನು ತಿರುವಿ ನೋಡಿದರು. ಇಂಥ ವಿವರ ಫೋನು, ಇಂಟರ್ನೆಟ್ ಕಂಪನಿಗಳು ಕೊಡುವುದು ಪೊಲೀಸರು ಕೇಳಿದರೆ ಮಾತ್ರ. ಈ ಠಾಣೆಯಿಂದ ಕೇಳುವುದು ತಮ್ಮ ಸಹಿ ಬಿದ್ದರೆ ಮಾತ್ರ. ಡಾಕ್ಟರಮ್ಮನ ವಿವರ ಕೇಳಿದ್ದ ಕಡತ ತರಿಸಿದರು. ಸ್ಕೂಟರ್ ಕಳ್ಳತನದ ಕೇಸು. ಹತ್ತು ಶಂಕಿತರ ನಂಬರು, ಹನ್ನೊಂದನೆಯದು ಡಾಕ್ಟರಮ್ಮನದು. ಕೆಳಗೆ ತಮ್ಮದೇ ಸಹಿ—ಓದದೆ ಹಾಕಿದ್ದು.

ಪಟ್ಟಿ ಮುಟ್ಟಿದವರು ಇಬ್ಬರೇ. ಎಸ್ಸೈ ಮತ್ತು ಠಾಣೆಯ ಕಾಗದಪತ್ರ ಬರೆಯುವ ರೈಟರಮ್ಮ.

“ಡಾಕ್ಟರಮ್ಮನ ಗಂಡ ನಿಮ್ಮ ಜೊತೆ ಷಟಲ್ ಆಡ್ತಾರಂತೆ?”

ಎಸ್ಸೈ ಮುಖ ಕೆಂಪಾಯಿತು. “ಆಡ್ತಾರೆ ಮೇಡಂ. ಅಷ್ಟಕ್ಕೇ ನಾನು ಕಳ್ಳನಾ?”

“ನೀವೇನಂತೀರಿ, ರೈಟರಮ್ಮ?”

“ಕೈತಪ್ಪಿ ಸೇರಿರ್ಬೇಕು ಮೇಡಂ. ಆ ಡಾಕ್ಟ್ರು ಯಾರು ಅಂತಾನೂ ನಂಗೆ ಗೊತ್ತಿಲ್ಲ.”

ಠಾಣೆಗೆ ಠಾಣೆಯೇ ಎಸ್ಸೈ ಕಡೆ ಬೆರಳು ತೋರಿಸಿತು. ಇನ್‌ಸ್ಪೆಕ್ಟರಮ್ಮ ಪಟ್ಟಿಯ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಓದಿದರು. ಕ್ಲಿನಿಕ್ಕಿನಿಂದ ರೋಗಿಗಳ ಪುಸ್ತಕ ತರಿಸಿದರು. ಆಮೇಲೆ ಡಾಕ್ಟರಮ್ಮನನ್ನೂ ಕರೆಸಿ ಎಲ್ಲರನ್ನೂ ಕೂರಿಸಿಕೊಂಡರು.

“ನಂಬರ್ ಎಲ್ಲರೂ ನೋಡಿದ್ರಿ, ತಾರೀಕು ಯಾರೂ ನೋಡ್ಲಿಲ್ಲ. ಹತ್ತು ಜನರದ್ದು ಕಳ್ಳತನ ಆದ ಮೂರು ದಿನದ ವಿವರ. ಹನ್ನೊಂದನೆಯದು ಮಾತ್ರ ನಾಲ್ಕು ತಿಂಗಳ ಹಿಂದಿನ ಒಂಬತ್ತನೇ ತಾರೀಕಿಂದ. ಅವತ್ತು ಯಾವ ಸ್ಕೂಟರೂ ಹೋಗಿರ್ಲಿಲ್ಲ. ಕ್ಲಿನಿಕ್ಕಿಗೆ ಒಬ್ಬ ಹೊಸ ರೋಗಿ ಬಂದಿದ್ರು, ಬಸ್ ಡ್ರೈವರ್. ವಿಳಾಸ ನಿಮ್ಮನೇದು, ರೈಟರಮ್ಮ.”

ರೈಟರಮ್ಮ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

“ನನ್ನ ಗಂಡ ಮೇಡಂ. ಒಂದು ಹಲ್ಲಿಗೆ ಆರು ಸಲ ಹೋಗ್ತಾರಾ? ಹೋಗೋವಾಗೆಲ್ಲ ಇಸ್ತ್ರಿ ಶರಟು. ಬಂದ್ಮೇಲೆ ಡಾಕ್ಟ್ರು ಹಂಗಂದ್ರು, ಹಿಂಗಂದ್ರು. ನನ್ನ ಹತ್ರ ಆಡೋಕೆ ಮಾತ್ರ ಎರಡು ಮಾತಿಲ್ಲ. ಹೊಟ್ಟೆ ಉರಿದುಹೋಯ್ತು. ಅವರ ಔಷಧಿ ಚೀಟಿಯಲ್ಲಿ ಈಯಮ್ಮನ ನಂಬರಿತ್ತು.”

“ಸಿಕ್ಕಿದ್ದೇನು?”

“ಮನೆ, ಕ್ಲಿನಿಕ್ಕು, ವಕೀಲರ ಆಫೀಸು. ನನ್ನ ಗಂಡನ ಸುಳಿವೇ ಇಲ್ಲ. ಆದ್ರೂ ಉರಿ ಆರ್ಲಿಲ್ಲ. ನನ್ನ ನೆಮ್ಮದಿ ಹಾಳು ಮಾಡಿದವಳದ್ದೂ ಹಾಳಾಗ್ಲಿ ಅಂತ ಈಯಮ್ಮನ ಗಂಡನಿಗೆ ಕಳಿಸ್ದೆ.”

ಡಾಕ್ಟರಮ್ಮ ರೈಟರಮ್ಮನ ಕಡೆ ತಿರುಗಿಯೂ ನೋಡಲಿಲ್ಲ. “ನನ್ನ ಮಗಳು ಬರ್ತಾಳಾ ಮೇಡಂ?”

“ಅದನ್ನ ಕೋರ್ಟು ಹೇಳ್ಬೇಕು. ನಾನು ಓದಿ ಸಹಿ ಹಾಕಿದ್ದಿದ್ರೆ ಅವಳು ಇವತ್ತು ನಿಮ್ಮ ಮಡಿಲಲ್ಲೇ ಇರ್ತಿದ್ಲು.”

ಇನ್‌ಸ್ಪೆಕ್ಟರಮ್ಮ ಮೇಲಧಿಕಾರಿಗಳಿಗೆ ವರದಿ ಬರೆಯತೊಡಗಿದರು. ಪ್ರತಿ ನಂಬರಿಗೂ ಬೇರೆ ಬೇರೆ ಕಾರಣ ಕೊಡದೆ, ನ್ಯಾಯಾಧೀಶರ ಅನುಮತಿ ಇಲ್ಲದೆ ಯಾರ ಫೋನಿನ ಜಾಡನ್ನೂ ಕೇಳಕೂಡದು ಎಂದು ಬರೆದರು. ತಪ್ಪಿತಸ್ಥರು ಎಂಬಲ್ಲಿ ಮೊದಲು ರೈಟರಮ್ಮನ ಹೆಸರು. ಅದರ ಕೆಳಗೆ ತಮ್ಮದು.