ಏಳನೇ ಮನೆಯ ಬಟ್ಟಲು

ನೋಡಿ, ಪ್ರೇಮಿಗಳನ್ನು ಒಂದು ಮಾಡುವುದರಲ್ಲಿ ಅರಗತ್ಸ್ ಬೆಟ್ಟದ ಈ ಕಡೆ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹೀರೋ ಯಾರೇ ಇರಲಿ, ಕ್ಲೈಮ್ಯಾಕ್ಸ್ ಬರೆಯುವವನು ಈ ಗೆಗಾಮ್!

ಮೊದಲ ಸೀನ್ ಚರ್ಚಿನ ಬಾಗಿಲಲ್ಲಿ.

"ಮುತ್ತಜ್ಜಿನ ಹುಡ್ಕೊಂಡು ಬಂದವಳನ್ನ ಯಾರದೋ ಕಲ್ಲಿನ ಮುಂದೆ ಅಳಿಸಿದ್ಯಲ್ಲ... ಥೂ. ನಿನ್ನ ಡಬ್ಬಾ ವ್ಯಾನಿಗಿರೋ ಮರ್ಯಾದೆನೂ ನಿನಗಿಲ್ಲ," ಎಂದು ತಾತುಲ್ ಮೇಲೆ ಹರಿಹಾಯ್ದಳು ಜಬೆಲ್.

ಬೈರೂತ್‌ನಿಂದ ಬಂದಿದ್ದ ಜಬೆಲ್ ನಮ್ಮ ಹಳ್ಳಿಯಲ್ಲಿ ಮುತ್ತಜ್ಜಿಯ ಮನೆತನದ ಶಿಲುಬೆಕಲ್ಲು, ಅಂದರೆ ಸತ್ತವರ ನೆನಪಿಗೆ ಶಿಲುಬೆ ಕೆತ್ತಿ ನಿಲ್ಲಿಸಿದ ಕಲ್ಲು, ಹುಡುಕುತ್ತಿದ್ದಳು. ವ್ಯಾನ್ ಓಡಿಸುವ ತಾತುಲ್ ಇದೇ ಎಂದು ಒಂದು ಕಲ್ಲು ತೋರಿಸಿದ. ಮೂರು ದಿನ ಮೇಣದಬತ್ತಿ ಹಚ್ಚಿದಳು, ಕಲ್ಲನ್ನು ತಬ್ಬಿ ಅತ್ತಳು. ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದ ತಾತುಲ್ ಮೇಲೆ ಮನಸ್ಸೂ ಆಯಿತು.

ನಾಲ್ಕನೇ ದಿನ ಪಾದ್ರಿ ಆ ಹಳೇ ಅಕ್ಷರ ಓದಿದರು. ಮಕ್ಕಳಿಲ್ಲದೆ ಸತ್ತ ಒಬ್ಬ ಗಿರಣಿಯವನ ಕಲ್ಲು ಅದು. ಊರಿಗೆ ಊರೇ ನಕ್ಕಿತು.

'ಇಂಥವನ ಕಣ್ಣಲ್ಲಿ ನನ್ನೂರು ಕಂಡೆನಲ್ಲ...' ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ತೋರ್ಸಿದ್ದು ನಾನೇ," ಎಂದ ತಾತುಲ್. ಅಷ್ಟೇ. ಇಂಥ ಪೆದ್ದನಿಗೆ ಪ್ರೀತಿ ಬೇರೆ ಕೇಡು.

ಮರುದಿನ ಬೆಳಿಗ್ಗೆಯೇ ಹೊರಡುವುದಾಗಿಯೂ, ಅವನ ಕೈಯಿಂದ ನೀರನ್ನೂ ಮುಟ್ಟುವುದಿಲ್ಲವೆಂದೂ ಅವಳು ಸಾರಿದಳು. ಅವನು ಇಟ್ಟುಬಂದ ಏಪ್ರಿಕಾಟ್ ಬುಟ್ಟಿ ಅವಳ ಮೆಟ್ಟಿಲ ಮೇಲೆ ಇರುವೆಗಳ ಪಾಲಾಯಿತು.

ಆಗ ನನ್ನ ಎಂಟ್ರಿ!

ಮತಾಘ್ ಎಂದರೆ ಹರಕೆಯ ಮಾಂಸ, ಅದನ್ನು ಏಳು ಮನೆಗೆ ಹಂಚಬೇಕು. ಶತ್ರು ತಂದರೂ ಬೇಡ ಎನ್ನುವಂತಿಲ್ಲ. ನಮ್ಮಮ್ಮನ ಹರಕೆ, ಆರು ಮನೆ ಮುಗಿಯಿತು, ಏಳನೆಯದು ಜಬೆಲ್‌ದು ಎಂದು ಹೇಳಿ, ಲವಾಶ್ ರೊಟ್ಟಿ ಮುಚ್ಚಿದ ಬಟ್ಟಲನ್ನು ತಾತುಲ್ ಕೈಗಿಟ್ಟೆ. ಪೆದ್ದ ಹೋದ. ನಾನು ಗೋಡೆಯ ಹಿಂದೆ ಕೂತೆ.

ಅವಳು ಮುಖ ಗಂಟಿಕ್ಕಿಕೊಂಡೇ ಬಟ್ಟಲು ತೆಗೆದುಕೊಂಡಳು. ಒಂದು ತುಂಡು ಬಾಯಿಗಿಟ್ಟಳು. ಅಗಿಯುವುದು ನಿಂತಿತು... ಕಣ್ಣು ತುಂಬಿತು...

ನನ್ನ ಪ್ಲಾನ್ ಗೆದ್ದಿತು ಅಂದುಕೊಂಡಿರಾ? ಇಲ್ಲ. ನಿಜ ಹೇಳಿಬಿಡುತ್ತೇನೆ.

ಮತಾಘ್‌ಗೆ ಉಪ್ಪು ಬಿಟ್ಟರೆ ಇನ್ನೇನೂ ಹಾಕುವುದಿಲ್ಲ. ನಾನು ಕೊಟ್ಟಿದ್ದು ಮಧ್ಯಾಹ್ನ ನಮ್ಮನೆಯಲ್ಲಿ ಉಳಿದ ಮಾಂಸ. ತುಂಬಾ ಕಾಳುಮೆಣಸು!

ಇದು ಮತಾಘ್ ಅಲ್ಲ, ಯಾರು ಕೊಟ್ಟಿದ್ದೆಂದು ಅವಳು ಕೇಳಿದಳು. ಗೆಗಾಮ್ ಎಂದ ತಾತುಲ್.

"ಆ ಕಲ್ಲು ತೋರ್ಸು ಅಂತ ಹೇಳಿದ್ದೂ ಅವನೇನಾ?"

ತಾತುಲ್ ತನ್ನ ಬೂಟು ನೋಡಿಕೊಂಡ. ಹೌದು, ಅದೂ ನಾನೇ. ಸುಮ್ಮನೆ ತಮಾಷೆಗೆ.

"ಯಾಕೆ ಬಾಯಿಬಿಡ್ಲಿಲ್ಲ ನೀನು?"

"ಅಲ್ಲಿಗೆ ಕರ್ಕೊಂಡು ಹೋದವನು ನಾನು. ಅತ್ತವಳು ನೀನು. ಮಧ್ಯೆ ಅವನ್ಯಾಕೆ..."

ಗೋಡೆಯ ಮೇಲೆ ನನ್ನ ಟೋಪಿ ಕಂಡಿತೇನೋ, ಅವಳು ಇತ್ತ ತಿರುಗಿದಳು. "ಅಲ್ಲಿ ಕೂತಿರೋ ಕತ್ತೆ ನಾಳೆ ಆ ಗಿರಣಿಯವನ ಕಲ್ಲು ತೊಳೆದು ದೀಪ ಹಚ್ಚಲಿ. ನಿಂತು ನೋಡೋಕೆ ನಾನಿಲ್ಲೇ ಇರ್ತೀನಿ."

ಅವರಿಬ್ಬರೂ ಒಂದಾದದ್ದು ಹೀಗೆ. ನನ್ನ ಬುದ್ಧಿಯಿಂದಲ್ಲ, ನಾನು ಸಿಕ್ಕಿಬಿದ್ದದ್ದರಿಂದ.

ತಾತುಲ್ ಕೈ ಚಾಚಿದ. "ಇದು ಹರಕೆದಲ್ವಲ್ಲ, ವಾಪಸ್ ಕೊಡು. ಈಗ ನೀನು ಬೇಡ ಅನ್ನಬಹುದು."

"ಗೊತ್ತು."

ಅವಳು ಲವಾಶ್ ಹರಿದು ಅರ್ಧ ಅವನ ಕೈಗಿಟ್ಟಳು. ಬೀದಿ ನಾಯಿಗೂ ಪ್ರೀತಿಯಿಂದ 'ಜಾನ್' ಎನ್ನುವ ಈ ಊರಲ್ಲಿ ಅವನನ್ನು ಅವಳು ಒಮ್ಮೆಯೂ ಹಾಗೆ ಕರೆದಿರಲಿಲ್ಲ.

"ಬೇಡ ಅನ್ನಬಹುದು... ಅದಕ್ಕೇ ಇಟ್ಕೋತಿದೀನಿ, ತಾತುಲ್ ಜಾನ್."